ಗೋಡೆ ಮೇಲಿನ ಪಹಣಿ

ಕ್ಯಾನ್‌ಬೆರಾದ ಬರ್ಲಿ ಗ್ರಿಫಿನ್ ಸರೋವರದ ದಂಡೆಯಲ್ಲಿ ಎರಡು ಬೃಹತ್ ಕಾಂಕ್ರೀಟ್ ಕಟ್ಟಡಗಳು ಅಕ್ಕಪಕ್ಕ ನಿಂತಿವೆ. ಒಂದು ಆಸ್ಟ್ರೇಲಿಯಾದ ಹೈಕೋರ್ಟು. ಹೆಸರಿಗೆ ಹೈಕೋರ್ಟಾದರೂ ಆ ದೇಶದಲ್ಲಿ ಅದರ ಮೇಲೆ ಇನ್ನೊಂದು ನ್ಯಾಯಾಲಯವಿಲ್ಲ. ಇನ್ನೊಂದು ರಾಷ್ಟ್ರೀಯ ಕಲಾ ಗ್ಯಾಲರಿ. ಕೋರ್ಟು ಬಾಗಿಲು ತೆರೆದದ್ದು 1980ರಲ್ಲಿ, ಗ್ಯಾಲರಿ 1982ರಲ್ಲಿ. ಎರಡರ ವಿನ್ಯಾಸವೂ ಒಂದೇ ವಾಸ್ತುಶಿಲ್ಪ ಸಂಸ್ಥೆಯದು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ನಡುವೆ ಕಾಲುಸೇತುವೆಯೂ ಇದೆ. ಚಿತ್ರಕ್ಕೂ ನ್ಯಾಯಕ್ಕೂ ಏನು ನಂಟು ಎಂದು ಪ್ರವಾಸಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಸರೋವರದ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಆದರೆ ಆ ಖಂಡದ ಮೂಲನಿವಾಸಿಗಳ ಕಲೆ ನೋಡಲೆಂದು ಹೋದವರು ಈ ಎರಡೂ ಕಟ್ಟಡಗಳನ್ನು ಒಟ್ಟಿಗೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ನನಗನ್ನಿಸುತ್ತದೆ.

1992ರ ಜೂನ್ 3ರಂದು ಆ ಹೈಕೋರ್ಟು ಮಾಬೊ ಪ್ರಕರಣದ ತೀರ್ಪು ಕೊಟ್ಟಿತು. ಬ್ರಿಟಿಷರು ಬಂದಿಳಿದಾಗ ಈ ನೆಲ ಯಾರಿಗೂ ಸೇರಿರಲಿಲ್ಲ ಎಂಬ ಇನ್ನೂರು ವರ್ಷದ ಕಟ್ಟುಕಥೆಯನ್ನು ಆ ತೀರ್ಪು ತಳ್ಳಿಹಾಕಿತು. ದಾವೆ ಹೂಡಿದವರಲ್ಲಿ ಮುಂದಾಳಾಗಿದ್ದ ಎಡ್ಡಿ ಮಾಬೊ ಅದನ್ನು ಕೇಳಲು ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಕೋರ್ಟು ಅಷ್ಟು ತಡವಾಗಿ ಒಪ್ಪಿದ್ದನ್ನು ಮೂಲನಿವಾಸಿ ಚಿತ್ರಕಾರರು ಮರದ ತೊಗಟೆಯ ಮೇಲೆ, ಮುರುಕು ಹಲಗೆಗಳ ಮೇಲೆ, ಕ್ಯಾನ್ವಾಸಿನ ಮೇಲೆ ಬರೆಯುತ್ತಲೇ ಬಂದಿದ್ದರು. ಇದು ನನ್ನ ನೆಲ, ಇಲ್ಲಿ ನೀರಿದೆ, ಈ ಕಡೆಯಿಂದ ನನ್ನ ಹಿರೀಕರು ಬಂದರು, ಆ ಕಡೆ ಹೋದರು. ನಮ್ಮ ಪಹಣಿಯಲ್ಲಿ ಇರುವುದೂ ಇದೇ ಅಲ್ಲವೆ? ಸರ್ವೆ ನಂಬರು, ಖಾತೆದಾರನ ಹೆಸರು, ನೀರಿನ ಮೂಲ, ಬೆಳೆ. ಗ್ಯಾಲರಿಯಲ್ಲಿ ತೂಗುಹಾಕಿರುವುದರಿಂದ ಅವು ನಮಗೆ ಬರಿಯ ಚಿತ್ರಗಳಾಗಿ ಕಾಣುತ್ತವೆ, ಅಷ್ಟೇ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಆ ಊರಿನಲ್ಲೇ ಕೆಲಸದಲ್ಲಿರುವ ಅಣ್ಣನ ಮಗಳು. "ಚಿಕ್ಕಪ್ಪ, ಪಾರ್ಲಿಮೆಂಟಿಗೆ ಒಂದು ಗಂಟೆ ಸಾಕು. ಇಲ್ಲಿಗೆ ಮಾತ್ರ ಪೂರ್ತಿ ದಿನ ಇಟ್ಕೊಳ್ಳಿ" ಎಂದು ಮೊದಲೇ ಎಚ್ಚರಿಸಿದ್ದಳು. ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಒಳಗೆ ಕಾಲಿಡುವಾಗ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ಇಲ್ಲಿ ತೀರಿಕೊಂಡವರ ಹೆಸರು, ಚಿತ್ರಗಳು ಇರಬಹುದು, ಮೂಲನಿವಾಸಿ ಸಂದರ್ಶಕರು ಗಮನಿಸಬೇಕು ಎಂದು. ಸತ್ತವರ ಹೆಸರನ್ನು ಒಂದಷ್ಟು ಕಾಲ ಬಾಯಲ್ಲಿ ಹೇಳಬಾರದೆಂಬ ರೂಢಿ ಅಲ್ಲಿನ ಅನೇಕ ಸಮುದಾಯಗಳಲ್ಲಿ ಇನ್ನೂ ಉಳಿದಿದೆ.

ಇನ್ನೂರು ಮರಗಳು

ಈ ಗ್ಯಾಲರಿಯಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನೋಡಬೇಕಾದದ್ದು 'ಅಬೊರಿಜಿನಲ್ ಮೆಮೋರಿಯಲ್'. ಇದನ್ನು ಶಿಲ್ಪವೆನ್ನಬೇಕೋ ಚಿತ್ರವೆನ್ನಬೇಕೋ ಎಂಬ ಗೊಂದಲ ಬೇಡ. ಇನ್ನೂರು ಟೊಳ್ಳು ಮರದ ಕಾಂಡಗಳು ನೆಲದಿಂದ ಮೇಲೆದ್ದು ನಿಂತಿವೆ. ಕೆಲವು ಮೊಣಕಾಲುದ್ದ, ಕೆಲವು ಆಳೆತ್ತರ, ಕೆಲವು ತಲೆಯೆತ್ತಿ ನೋಡಬೇಕಾದಷ್ಟು ಎತ್ತರ. ಪ್ರತಿಯೊಂದಕ್ಕೂ ಬುಡದಿಂದ ತುದಿಯವರೆಗೆ ಬಿಳಿ, ಕೆಮ್ಮಣ್ಣು, ಹಳದಿ, ಕಪ್ಪುಗಳಲ್ಲಿ ಚಿತ್ತಾರ.

ಉತ್ತರ ಆಸ್ಟ್ರೇಲಿಯಾದ ಆರ್ನ್‌ಹೆಮ್ ಲ್ಯಾಂಡಿನಲ್ಲಿ ಇವು ಸಾವಿನ ಸಂಸ್ಕಾರಕ್ಕೆ ಸಂಬಂಧಿಸಿದ ವಸ್ತುಗಳು. ಗೆದ್ದಲು ತಿಂದು ಒಳಗೆ ಟೊಳ್ಳಾದ ಮರವನ್ನು ಹುಡುಕಿ ಕಡಿದು, ಮೇಲೆ ಕುಲದ ಚಿತ್ರ ಬರೆದು, ಸತ್ತವರ ಮೂಳೆಗಳನ್ನು ಕೆಮ್ಮಣ್ಣು ಹಚ್ಚಿ ಅದರೊಳಗೆ ಇಡುತ್ತಿದ್ದರು. ಆಮೇಲೆ ಅದನ್ನು ನಿಲ್ಲಿಸಿ ಬಿಟ್ಟುಬಿಟ್ಟರೆ ಮಳೆ ಬಿಸಿಲಿಗೆ ತಾನಾಗಿ ಮಣ್ಣಾಗುತ್ತಿತ್ತು. ಗ್ಯಾಲರಿಯಲ್ಲಿ ಇರುವವುಗಳಲ್ಲಿ ಮೂಳೆಗಳಿಲ್ಲ. ಅವು 1987-88ರಲ್ಲಿ ಒಂದು ನಿರ್ದಿಷ್ಟ ಉದ್ದೇಶಕ್ಕೆ ಮಾಡಿದವು.

1988 ಎಂದರೆ ಬ್ರಿಟಿಷರ ಮೊದಲ ಹಡಗುಗಳು ಸಿಡ್ನಿಗೆ ಬಂದು ಇನ್ನೂರು ವರ್ಷ ತುಂಬಿದ ವರ್ಷ. ದೇಶಕ್ಕೆ ದೇಶವೇ ಸಂಭ್ರಮದ ಸಿದ್ಧತೆಯಲ್ಲಿತ್ತು. ಆರ್ನ್‌ಹೆಮ್ ಲ್ಯಾಂಡಿನ ರಾಮಿಂಗಿನಿಂಗ್ ಎಂಬ ಹಳ್ಳಿಯಲ್ಲಿ ಕಲಾ ಸಲಹೆಗಾರರಾಗಿದ್ದ ಜಾನ್ ಮುಂಡೈನ್, ಬಂಜಲುಂಗ್ ಸಮುದಾಯದವರು, ಈ ಸಂಭ್ರಮಕ್ಕೆ ನಮ್ಮ ಕಡೆಯಿಂದ ಏನು ಕೊಡೋಣ ಎಂದು ಯೋಚಿಸಿದಾಗ ಹೊಳೆದದ್ದು ಇದು. ವರ್ಷಕ್ಕೊಂದರಂತೆ ಇನ್ನೂರು ಶವಪೆಟ್ಟಿಗೆಗಳು. ತಮ್ಮ ನೆಲವನ್ನು ಉಳಿಸಿಕೊಳ್ಳಲು ಹೋಗಿ ಸತ್ತವರಿಗೆ, ಯಾವ ಸಂಸ್ಕಾರವೂ ಇಲ್ಲದೆ ಬಿದ್ದವರಿಗೆ. ಆ ಸೀಮೆಯ 43 ಕಲಾವಿದರು ಅವನ್ನು ಮಾಡಿಕೊಟ್ಟರು. ಮೊದಲು ಸಿಡ್ನಿ ಬಿಯೆನಾಲೆಯಲ್ಲಿ ಪ್ರದರ್ಶನಗೊಂಡು, ಆಮೇಲೆ ಅದು ಕ್ಯಾನ್‌ಬೆರಾಕ್ಕೆ ಶಾಶ್ವತವಾಗಿ ಬಂತು. ಇದೇ ಸರೋವರದ ಆಚೆ ದಡದಲ್ಲಿ ಆಸ್ಟ್ರೇಲಿಯಾದ ದೊಡ್ಡ ಯುದ್ಧ ಸ್ಮಾರಕವಿದೆ. ಗಲಿಪೊಲಿಯಲ್ಲಿ, ಫ್ರಾನ್ಸಿನಲ್ಲಿ ಸತ್ತವರ ಹೆಸರುಗಳೆಲ್ಲ ಅಲ್ಲಿವೆ. ತಮ್ಮ ಮನೆಯಂಗಳದಲ್ಲೇ ಸತ್ತವರಿಗೆ ಸಿಕ್ಕ ಸ್ಮಾರಕ ಈ ದಡದಲ್ಲಿರುವ ಮರಗಳು.

ಕಾಂಡಗಳನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಿಲ್ಲ. ನಡುವೆ ಒಂದು ದಾರಿ ಸೀಳಿಕೊಂಡು ಹೋಗುತ್ತದೆ. ಅದು ರಾಮಿಂಗಿನಿಂಗ್ ಸೀಮೆಯಲ್ಲಿ ಸಮುದ್ರ ಸೇರುವ ಗ್ಲೈಡ್ ನದಿ. ನದಿಯ ಯಾವ ದಂಡೆಯಲ್ಲಿ ಯಾವ ಕುಲದ ನೆಲವಿದೆಯೋ ಅದೇ ಜಾಗದಲ್ಲಿ ಆ ಕುಲದವರು ಬರೆದ ಕಾಂಡಗಳು ನಿಂತಿವೆ. ಒಂದು ಗುಂಪಿನಲ್ಲಿ ಮೀನು, ಇನ್ನೊಂದರಲ್ಲಿ ಕಾಡುಜೇನು, ಮತ್ತೊಂದರಲ್ಲಿ ಹಾವು. ಯಾರೂ ಇನ್ನೊಬ್ಬರ ಚಿತ್ರಕ್ಕೆ ಕೈ ಹಾಕಿಲ್ಲ, ಹಾಕುವ ಹಕ್ಕೂ ಅವರಿಗಿಲ್ಲ. ಚಕ್ಕುಬಂದಿ ಹಾಕಿದ ಹಾಗೆಯೇ ಇದೆ. ನಾವು ಆ ದಾರಿಯಲ್ಲಿ ನಡೆದು ಹೋಗುವಾಗ ನಿಜವಾಗಿ ನಡೆಯುತ್ತಿರುವುದು ಒಂದು ನಕಾಶೆಯ ಮೇಲೆ.

ಒಂದು ಕಾಂಡಕ್ಕೆ ಮುಖ ಹತ್ತಿರ ತಂದು ನೋಡಿ. (ಕೈ ಕಟ್ಟಿಕೊಂಡೇ ನೋಡಿ. ಕಾವಲಿನವರು ಹತ್ತಿರದಲ್ಲೇ ಇರುತ್ತಾರೆ.) ದೂರದಿಂದ ಸಲೀಸಾದ ಬೂದು ಬಣ್ಣದಂತೆ ಕಂಡದ್ದು ಹತ್ತಿರದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದರ ಮೇಲೊಂದು ಅಡ್ಡಡ್ಡ ಹಾಯುವ ಗೆರೆಗಳು, ಒಂದು ಬಿಳಿ, ಒಂದು ಕೆಂಪು, ಒಂದು ಹಳದಿ. ಕೂದಲೆಳೆ ಎಂದದ್ದು ಮಾತಿನ ಅಲಂಕಾರಕ್ಕಲ್ಲ, ಕುಂಚವೇ ಕೂದಲಿನದು. ಮನುಷ್ಯರ ಉದ್ದ ಕೂದಲಿನ ಕೆಲವೇ ಎಳೆಗಳನ್ನು ಒಂದು ಕಡ್ಡಿಗೆ ಕಟ್ಟಿ, ಬಣ್ಣದಲ್ಲಿ ಅದ್ದಿ, ತನ್ನಿಂದ ಆಚೆಗೆ ಎಳೆಯುತ್ತಾ ಹೋಗುತ್ತಾರೆ. ಇಡೀ ಮೈ ತುಂಬಿದಾಗ ಚಿತ್ರಕ್ಕೊಂದು ಮಿನುಗು ಬರುತ್ತದೆ. ಆ ಮಿನುಗು ಪೂರ್ವಿಕರ ಶಕ್ತಿ ಎಂದು ಆ ಸೀಮೆಯ ಯೊಲ್ಂಗು ಜನರ ನಂಬಿಕೆ.

ತೊಗಟೆ ಚಿತ್ರಗಳ ಕಸುಬೂ ಹೀಗೇ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಜಾತಿಯ ನೀಲಗಿರಿ ಮರದಲ್ಲಿ ರಸ ಏರಿರುತ್ತದೆ, ಆಗ ತೊಗಟೆ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ. ಒರಟು ಹೊರಪದರವನ್ನು ಕೆರೆದು ತೆಗೆದು, ಬೆಂಕಿಗೆ ಹಿಡಿದು ಬಿಸಿ ಮಾಡಿ, ಕಲ್ಲು ಹೇರಿ ಚಪ್ಪಟೆ ಮಾಡುತ್ತಾರೆ. ಬಣ್ಣ ಹಿಡಿಯಲು ಹಿಂದೆ ಕಾಡಿನ ಸೀತಾಳೆ ಗಿಡದ ರಸ ಬೆರೆಸುತ್ತಿದ್ದರು, ಈಗ ಬಡಗಿಗಳು ಬಳಸುವ ಬಿಳಿ ಗೋಂದು ಬೆರೆಸುತ್ತಾರೆ. "ಹಾಗಾದ್ರೆ ಇದು ಹಳೇದಾ, ಈಗಿನದಾ ಚಿಕ್ಕಪ್ಪ?" ಎಂದು ಹುಡುಗಿ ಕೇಳಿದಳು. ಎಲ್ಲ ಗ್ಯಾಲರಿಗಳಲ್ಲೂ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಅಷ್ಟೇನೂ ಉಪಯೋಗವಿಲ್ಲದ ಪ್ರಶ್ನೆ ಕೂಡ. ಯಾರ ನೆಲದ್ದು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ತೊಗಟೆಗೆ ಅಂಟಿಸಿದ ಅರ್ಜಿ

ನಾನು ಪಹಣಿ ಎಂದದ್ದು ಅತಿಯಾಯಿತು ಎನ್ನಿಸಿದರೆ ಗ್ಯಾಲರಿಯಿಂದ ಹೊರಗೆ ಬಂದು, ಗುಡ್ಡದ ಮೇಲಿರುವ ಸಂಸತ್ ಭವನಕ್ಕೆ ಹೋಗಬೇಕು. ಯಿರ್ಕಲಾ ತೊಗಟೆ ಅರ್ಜಿಗಳನ್ನು ಅಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. 1963ರಲ್ಲಿ ಸರ್ಕಾರ ಆರ್ನ್‌ಹೆಮ್ ಲ್ಯಾಂಡಿನ ಗೋವ್ ಪರ್ಯಾಯದ್ವೀಪದಲ್ಲಿ ಯೊಲ್ಂಗು ಜನರ ಮೀಸಲು ಭೂಮಿಯಿಂದ ಒಂದು ದೊಡ್ಡ ಭಾಗವನ್ನು ಬಾಕ್ಸೈಟ್ ಗಣಿಗಾರಿಕೆಗೆಂದು ಬಿಡಿಸಿಕೊಂಡಿತು. ಅಲ್ಲಿದ್ದವರನ್ನು ಒಂದು ಮಾತು ಕೇಳಲಿಲ್ಲ. ಅಲ್ಲಿನ ಯಿರ್ಕಲಾ ಎಂಬ ಊರಿನ ಹಿರಿಯರು ಸಂಸತ್ತಿಗೆ ಅರ್ಜಿ ಬರೆದರು. ಇಂಗ್ಲಿಷಿನಲ್ಲಿ, ತಮ್ಮ ಭಾಷೆಯಲ್ಲಿ ಟೈಪು ಮಾಡಿಸಿದ ಕಾಗದವನ್ನು ತೊಗಟೆಯ ನಡುವೆ ಅಂಟಿಸಿ, ಸುತ್ತಲೂ ಅಂಚಿನಲ್ಲಿ ತಮ್ಮ ಕುಲಗಳ ಚಿತ್ರಗಳನ್ನು ಬರೆದರು. ಯೊಲ್ಂಗು ಸಮಾಜದ ಎರಡು ಪಂಗಡಗಳ ಪರವಾಗಿ ಒಂದೊಂದು ತೊಗಟೆ. ನಡುವಿನ ಬರಹ ಸಂಸತ್ತಿನವರು ಓದಲಿ ಎಂದು; ಅಂಚಿನ ಚಿತ್ರ ಆ ನೆಲ ಯಾರದೆಂಬುದಕ್ಕೆ ಸಾಕ್ಷಿ. ಆಗಸ್ಟ್ 14 ಮತ್ತು 28ರಂದು ಅವು ಸದನದ ಮೇಜಿಗೆ ಬಂದವು.

ಗಣಿ ನಿಲ್ಲಲಿಲ್ಲ. ಯೊಲ್ಂಗು ಜನ ನ್ಯಾಯಾಲಯಕ್ಕೆ ಹೋದರು, 1971ರಲ್ಲಿ ಸೋತರು. ಇವರಲ್ಲಿ ಬಹಳ ಕಟ್ಟುನಿಟ್ಟಾದ ಕಾನೂನು ವ್ಯವಸ್ಥೆಯೊಂದು ಇದೆ ಎಂದು ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಒಪ್ಪಿದರು. ಆದರೆ ಇಂಗ್ಲಿಷ್ ಕಾನೂನು ಆಸ್ತಿ ಎನ್ನುವುದು ಇದಲ್ಲ ಎಂದು ದಾವೆ ವಜಾ ಮಾಡಿದರು. ಆ ಸೋಲಿನ ಬಿಸಿಯಿಂದಲೇ 1976ರಲ್ಲಿ ನಾರ್ದರ್ನ್ ಟೆರಿಟರಿಯ ಭೂಹಕ್ಕು ಕಾಯ್ದೆ ಹುಟ್ಟಿತು. ಅದೇ ಗೋವ್ ನೆಲದ ವಿಚಾರದಲ್ಲಿ ಗುಮಾಜ್ ಕುಲದವರು ಪರಿಹಾರ ಕೇಳಲು ಹಕ್ಕುಳ್ಳವರು ಎಂದು ಹೈಕೋರ್ಟು ಹೇಳಿದ್ದು 2025ರ ಮಾರ್ಚಿನಲ್ಲಿ. ತೊಗಟೆಯ ಅರ್ಜಿ ಹೋಗಿ ಆಗಲೇ ಅರವತ್ತೊಂದು ವರ್ಷ ದಾಟಿತ್ತು.

ಚಿತ್ರವನ್ನೇ ಸಾಕ್ಷ್ಯವಾಗಿ ಮುಂದಿಟ್ಟ ಇನ್ನೊಂದು ಪ್ರಸಂಗ ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯದು. 1997ರಲ್ಲಿ ಭೂಹಕ್ಕಿನ ನ್ಯಾಯಮಂಡಳಿಯ ಮುಂದೆ ತಮ್ಮ ಮಾತನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆಂದು ತಿಳಿಯದೆ ಅಲ್ಲಿನ ಹಿರಿಯರು ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಒಂದು ಕ್ಯಾನ್ವಾಸ್ ಹಾಸಿ ಎಲ್ಲರೂ ಸೇರಿ ಬರೆದರು. ವಿಚಾರಣೆಯ ದಿನ ಒಬ್ಬೊಬ್ಬರೂ ಚಿತ್ರದ ಮೇಲೆ ತಮ್ಮ ತಮ್ಮ ನೀರಿನ ಹೊಂಡ ಇರುವ ಜಾಗದಲ್ಲಿ ನಿಂತು, ತಮ್ಮ ಭಾಷೆಯಲ್ಲಿ ಸಾಕ್ಷಿ ಹೇಳಿದರು. ಹಕ್ಕು ಸಿಕ್ಕಿದ್ದು 2007ರಲ್ಲಿ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೂ ಹಿರಿಯರ ಹೇಳಿಕೆಯನ್ನು, ಸಮಾಧಿ ಸ್ಥಳಗಳನ್ನು, ಪೂಜೆಯ ಜಾಗಗಳನ್ನು ಪುರಾವೆಯೆಂದು ಒಪ್ಪುತ್ತವೆ. ಆದರೆ ಹಾಡಿಯವರು ಅರ್ಜಿ ಹಿಡಿದು ಹೋದಾಗ ಮೇಜಿನ ಆಚೆಯವರು ಹುಡುಕುವುದು ಸೀಲು ಬಿದ್ದ ಕಾಗದವನ್ನೇ.

ಚುಕ್ಕಿಗಳ ಹಿಂದೆ

ಆಸ್ಟ್ರೇಲಿಯಾದ ಮೂಲನಿವಾಸಿ ಕಲೆ ಎಂದರೆ ಲೋಕಕ್ಕೆಲ್ಲ ಕಣ್ಣಮುಂದೆ ಬರುವುದು ಚುಕ್ಕಿ ಚಿತ್ರ. ಸಾವಿರಾರು ವರ್ಷದ ಸಂಪ್ರದಾಯ ಎಂದು ಅದನ್ನು ಮಾರುತ್ತಾರೆ. ಕ್ಯಾನ್ವಾಸಿನ ಮೇಲಿನ ಚುಕ್ಕಿ ಚಿತ್ರ ನಮ್ಮ 'ಸಂಸ್ಕಾರ' ಸಿನಿಮಾಕ್ಕಿಂತ ಚಿಕ್ಕದು ಎಂದರೆ ನಂಬುವುದು ಕಷ್ಟ. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿ.ಮೀ. ದೂರದ ಪಪುನ್ಯಾ ಎಂಬಲ್ಲಿ ಸರ್ಕಾರ ಬೇರೆ ಬೇರೆ ಬುಡಕಟ್ಟುಗಳನ್ನು ಅವರವರ ನೆಲದಿಂದ ತಂದು ಒಂದೆಡೆ ಕೂಡಿಹಾಕಿತ್ತು. ಅಲ್ಲಿನ ಶಾಲೆಗೆ 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟರು ಬಂದರು. ಹಿರಿಯರು ಮರಳಿನಲ್ಲಿ, ಮೈಮೇಲೆ ಬರೆಯುತ್ತಿದ್ದ ಚಿತ್ರಗಳನ್ನು ಶಾಲೆಯ ಗೋಡೆ ಮೇಲೆ ಬರೆಯಲು ಅವರು ಪ್ರೋತ್ಸಾಹ ಕೊಟ್ಟರು. ಜೇನಿರುವೆಯ ಕಥೆ ಗೋಡೆಗೆ ಬಂತು. ಆಮೇಲೆ ಸಿಕ್ಕಿದ ಹಲಗೆ, ತುಂಡು ಮೇಸನೈಟ್ ಎಲ್ಲದರ ಮೇಲೂ ಬರೆದರು. 1972ರಲ್ಲಿ ಕಲಾವಿದರದ್ದೇ ಕಂಪನಿಯಾಯಿತು, ಹೆಸರು ಪಪುನ್ಯಾ ತುಲಾ. ಶಾಲೆಯ ಗೋಡೆಯ ಚಿತ್ರದ ಮೇಲೆ ಕೆಲವೇ ವರ್ಷಗಳಲ್ಲಿ ಬಣ್ಣ ಬಳಿದರು, ಅದು ಬೇರೆ ಮಾತು.

ಮೊದಮೊದಲು ಬರೆದ ಹಲಗೆಗಳಲ್ಲಿ ದೀಕ್ಷೆ ಪಡೆಯದವರು ನೋಡಬಾರದ ಸಂಗತಿಗಳು ಇದ್ದವು. ಚಿತ್ರಗಳು ಪಟ್ಟಣಕ್ಕೆ ಹೋಗಿ ಮಾರಾಟವಾಗತೊಡಗಿದಾಗ ಬೇರೆ ಬುಡಕಟ್ಟಿನ ಹಿರಿಯರು ಸಿಟ್ಟಾದರು. ಆಗ ಚಿತ್ರಕಾರರು ಗುಟ್ಟಿನ ಭಾಗಗಳನ್ನು ಕೈಬಿಟ್ಟರು, ಉಳಿದದ್ದನ್ನು ಚುಕ್ಕಿಗಳ ಕೆಳಗೆ ಮುಚ್ಚಿದರು. ನಮಗೆ ಚಂದ ಕಾಣುವ ಚುಕ್ಕಿಗಳಲ್ಲಿ ಕೆಲವು ಪರದೆಯ ಕೆಲಸ ಮಾಡುತ್ತಿವೆ. ಆ ಕಾಲದ ಕೆಲವು ಹಲಗೆಗಳನ್ನು ಸಂಗ್ರಹಾಲಯಗಳು ಇವತ್ತಿಗೂ ಎಲ್ಲರಿಗೂ ತೋರಿಸುವುದಿಲ್ಲ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಎಲ್ಲವನ್ನೂ ನೋಡಿಬಿಡುವ ಹಕ್ಕು ಟಿಕೆಟ್ ಕೊಂಡವನಿಗೆ ಇದ್ದೇ ಇದೆ ಎಂಬ ಧೋರಣೆಗೆ ಅಲ್ಲೊಂದು ಬೇಲಿ ಬೀಳುತ್ತದೆ.

ಗ್ಯಾಲರಿಯ ಸಂಗ್ರಹದಲ್ಲಿ ಆ ಪರಂಪರೆಯ ದೊಡ್ಡ ಕೃತಿ ಕ್ಲಿಫರ್ಡ್ ಪಾಸಮ್ ಜಪಲ್ಜಾರಿ 1977ರಲ್ಲಿ ಬರೆದ 'ವಾರ್ಲುಗುಲಾಂಗ್'. ಅಗಲ ಮೂರು ಮೀಟರಿಗೂ ಹೆಚ್ಚು. ಲುಂಗ್ಕಾಟ ಎಂಬ ಹಲ್ಲಿಮನುಷ್ಯನ ಇಬ್ಬರು ಗಂಡುಮಕ್ಕಳು ಬೇಟೆಯಾಡಿದ ಕಾಂಗರೂವನ್ನು ಅಪ್ಪನಿಗೆ ಕೊಡದೆ ತಾವೇ ತಿಂದರು, ಅಪ್ಪ ಕಾಡಿಗೆ ಬೆಂಕಿ ಹಚ್ಚಿದ, ಮಕ್ಕಳು ಸುಟ್ಟು ಸತ್ತರು. ಚಿತ್ರದಲ್ಲಿ ಆ ಬೆಂಕಿ ಹರಡಿದೆ, ಬೂದಿ ಇದೆ, ಇಬ್ಬರ ಅಸ್ಥಿಪಂಜರಗಳೂ ಇವೆ. ಅದೇ ನೆಲದ ಮೇಲೆ ಹಾದುಹೋದ ಬೇರೆ ಪೂರ್ವಿಕರ ಹೆಜ್ಜೆಗುರುತುಗಳು ಒಂದನ್ನೊಂದು ದಾಟುತ್ತವೆ. ಈ ಕಥೆ ನಡೆದ ಜಾಗ ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕಿದೆ. ಹೋಗಿ ನಿಲ್ಲಬಹುದಾದ ಜಾಗ.

ಇದರ ಬೆಲೆಯ ಕಥೆ ಬೇರೆಯೇ. ಒಂದು ಬ್ಯಾಂಕು 1,200 ಡಾಲರಿಗೆ ಕೊಂಡು ತನ್ನ ತರಬೇತಿ ಕೇಂದ್ರದ ಊಟದ ಕೋಣೆಯಲ್ಲಿ ತೂಗುಹಾಕಿತ್ತು. 2007ರ ಹರಾಜಿನಲ್ಲಿ ರಾಷ್ಟ್ರೀಯ ಗ್ಯಾಲರಿ ಅದಕ್ಕೆ ಕೊಟ್ಟದ್ದು 24 ಲಕ್ಷ ಆಸ್ಟ್ರೇಲಿಯನ್ ಡಾಲರ್. ಕಲಾವಿದ ತೀರಿಕೊಂಡು ಐದು ವರ್ಷವಾಗಿತ್ತು. ಆ ಮಾರಾಟದಲ್ಲಿ ಅವರ ಮನೆಯವರಿಗೆ ಪಾಲು ಕೊಡಬೇಕೆನ್ನುವ ಕಾನೂನು ಆಗ ಇರಲಿಲ್ಲ. ಮರುಮಾರಾಟಕ್ಕೆ ಶೇ 5ರ ರಾಯಧನ ಕೊಡಿಸುವ ಕಾನೂನು ಜಾರಿಗೆ ಬಂದದ್ದು 2010ರಲ್ಲಿ.

ಎರಡು ಗೆಣಸುಗಳು

ಹಿಂದೆ ಜಾನುವಾರು ಸಾಕಣೆಯ ನೆಲವಾಗಿದ್ದ ಯೂಟೋಪಿಯಾ ಸೀಮೆಯ ಎಮಿಲಿ ಕಾಮ್ ಕಂಗ್ವಾರೆ ಕ್ಯಾನ್ವಾಸಿಗೆ ಕುಂಚ ಹಚ್ಚಿದ್ದು ಎಪ್ಪತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಹತ್ತು ವರ್ಷ ಊರಿನ ಹೆಂಗಸರ ಜೊತೆ ಬಾಟಿಕ್ ಮಾಡುತ್ತಿದ್ದರು. 1979ರಲ್ಲಿ ಆ ಜನ ತಮ್ಮ ನೆಲ ವಾಪಸು ಕೇಳಿದಾಗ ಹೆಂಗಸರು ವಿಚಾರಣೆಯ ಮುಂದೆ ಮೈಗೆ ಚಿತ್ರ ಬರೆದುಕೊಂಡು ತಮ್ಮ ವಿಧಿಯ ಹಾಡು ಕುಣಿತಗಳನ್ನೇ ಸಾಕ್ಷ್ಯವಾಗಿ ತೋರಿಸಿದರು. ಎದೆ, ಭುಜಗಳ ಮೇಲೆ ಬರೆಯುತ್ತಿದ್ದ ಆ ಪಟ್ಟೆಗಳೇ ಮುಂದೆ ಎಮಿಲಿಯ ಕ್ಯಾನ್ವಾಸಿಗೆ ಬಂದವು. ಅವರ ಹೆಸರಿನ ನಡುವಿನ 'ಕಾಮ್' ಒಂದು ಜಾತಿಯ ಕಾಡುಗೆಣಸಿನ ಬೀಜ. ಆ ಗೆಣಸಿನ ಬಳ್ಳಿ, ನೆಲದಡಿಯ ಬೇರು, ನೆಲ ಬಿರುಕು ಬಿಟ್ಟಾಗ ಕಾಣುವ ಗೆಡ್ಡೆ, ಅವರು ಬರೆದದ್ದೆಲ್ಲ ಅದರ ಸುತ್ತಲೇ.

ಕ್ಯಾನ್‌ಬೆರಾದಲ್ಲಿರುವ ಅವರ 'ಅಲ್ಹಾಲ್ಕರ್ ಸ್ಯೂಟ್' 1993ರದು, ಒಟ್ಟು 22 ಕ್ಯಾನ್ವಾಸುಗಳು. ಅಲ್ಹಾಲ್ಕರ್ ಅವರು ಹುಟ್ಟಿದ ನೆಲ. ಮಳೆ ಬಿದ್ದ ಮೇಲೆ ಮರುಭೂಮಿ ಹೂಬಿಟ್ಟಂತೆ ಗುಲಾಬಿ, ಹಳದಿ, ನೀಲಿ ಬಣ್ಣಗಳು ಒಂದರ ಮೇಲೊಂದು ಕುಕ್ಕಿ ಕುಕ್ಕಿ ಹಾಕಿದಂತಿವೆ. ಅವರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕೂತು, ನಾಲ್ಕೂ ಕಡೆಯಿಂದ ಬರೆಯುತ್ತಿದ್ದರು. ಹಾಗಾಗಿ ಚಿತ್ರಕ್ಕೆ ಮೇಲು-ಕೆಳಗು ಎಂಬುದಿಲ್ಲ. ಗೋಡೆಗೆ ತೂಗುಹಾಕುವುದು ನಮ್ಮ ಅನುಕೂಲಕ್ಕೆ. ಪ್ಯಾರಿಸ್, ನ್ಯೂಯಾರ್ಕುಗಳ ಆಧುನಿಕ ಚಿತ್ರಕಾರರೊಂದಿಗೆ ಎಮಿಲಿಯನ್ನು ಹೋಲಿಸಿ ಬರೆದ ವಿಮರ್ಶಕರಿಗೆ ಲೆಕ್ಕವಿಲ್ಲ. ಆ ಚಿತ್ರಕಾರರ ಕೆಲಸವನ್ನು ಎಮಿಲಿ ನೋಡಿಯೇ ಇರಲಿಲ್ಲ. 1996ರಲ್ಲಿ ತೀರಿಕೊಂಡರು. ಮರುವರ್ಷ ವೆನಿಸ್ ಬಿಯೆನಾಲೆಯಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದ ಮೂವರು ಮೂಲನಿವಾಸಿ ಮಹಿಳೆಯರಲ್ಲಿ ಅವರ ಹೆಸರೂ ಇತ್ತು. 2025ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಅವರ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಹೋಲಿಕೆಯ ಮಾತು ಬಂದದ್ದಕ್ಕೆ ಇದೇ ಗ್ಯಾಲರಿಯ ಒಂದು ಪ್ರಸಂಗ. ಕಿಂಬರ್ಲಿ ಪ್ರಾಂತ್ಯದ ರೋವರ್ ಥಾಮಸ್ ದನಗಾಹಿಯಾಗಿ ಬದುಕು ಸವೆಸಿ ಆಮೇಲೆ ಚಿತ್ರ ಬರೆದವರು. ಅಗಲವಾದ ಮಣ್ಣುಬಣ್ಣದ ಹರವುಗಳು, ಅಂಚಿಗೆ ಬಿಳಿ ಚುಕ್ಕಿ. 1990ರಲ್ಲಿ ಇಲ್ಲಿಗೆ ಬಂದಿದ್ದಾಗ ಅಮೆರಿಕದ ಮಹಾ ಚಿತ್ರಕಾರ ಮಾರ್ಕ್ ರಾತ್ಕೊನ ಕ್ಯಾನ್ವಾಸಿನ ಮುಂದೆ ನಿಂತು, ನನ್ನ ಹಾಗೆ ಬರೆಯುವ ಇವನ್ಯಾರು ಎಂದು ಒಂದು ಬೈಗುಳ ಸೇರಿಸಿ ಕೇಳಿದರಂತೆ. ಯಾರು ಯಾರ ಹಾಗೆ ಎಂಬುದನ್ನು ಅವರು ತಮ್ಮ ಕಡೆಯಿಂದ ನೋಡಿದರು.

ಗೆಣಸಿಗೆ ಮರಳೋಣ. ಕೊಕಥಾ, ನುಕುನು ಸಮುದಾಯಗಳ ಯಾನಿ ಸ್ಕಾರ್ಸ್ ಗಾಜು ಊದಿ ಕಾಡುಗೆಣಸುಗಳನ್ನು ಮಾಡುತ್ತಾರೆ. 2015ರ 'ಥಂಡರ್ ರೇನಿಂಗ್ ಪಾಯ್ಸನ್' ಎಂಬ ಕೃತಿಯಲ್ಲಿ ಅಂಥ ಎರಡು ಸಾವಿರ ಗಾಜಿನ ಗೆಣಸುಗಳು ತಂತಿಗಳಿಂದ ಮೋಡದಾಕಾರದಲ್ಲಿ ಇಳಿಬಿದ್ದಿವೆ. ಬೆಳಕು ಬಿದ್ದಾಗ ಬಲು ಸೊಗಸು. ಅದು ಅಣುಬಾಂಬಿನ ಮೋಡ ಎಂದು ತಿಳಿಯುವವರೆಗೆ. 1956ರಿಂದ 1963ರವರೆಗೆ ಬ್ರಿಟನ್ ದಕ್ಷಿಣ ಆಸ್ಟ್ರೇಲಿಯಾದ ಮಾರಲಿಂಗಾದಲ್ಲಿ ಅಣ್ವಸ್ತ್ರ ಪರೀಕ್ಷೆ ನಡೆಸಿತು. ಸಿಡಿತದ ಕಾವಿಗೆ ಅಲ್ಲಿನ ಮರಳು ಕರಗಿ ಗಾಜಾಯಿತು. ಗೆಣಸು ಅಗೆಯುವ ನೆಲದಲ್ಲಿ ಗಾಜು. ಎಮಿಲಿಯ ಗೆಣಸನ್ನು ಸಾಂಪ್ರದಾಯಿಕ ಎಂದೂ, ಯಾನಿಯ ಗೆಣಸನ್ನು ಸಮಕಾಲೀನ ಎಂದೂ ಕ್ಯಾಟಲಾಗುಗಳು ವಿಂಗಡಿಸಬಹುದು. ಇಬ್ಬರೂ ಮಾತಾಡುತ್ತಿರುವುದು ನೆಲದಡಿ ಏನಿದೆ ಎಂಬುದರ ಬಗ್ಗೆಯೇ.

ಬರೆದರೂ ಸಿಗದ ನೆಲ

ಆಲ್ಬರ್ಟ್ ನಮಾಟ್ಜಿರಾ ಜಲವರ್ಣದವರು. ಚುಕ್ಕಿಯಿಲ್ಲ, ಗೆರೆಯಿಲ್ಲ. ಮಧ್ಯ ಆಸ್ಟ್ರೇಲಿಯಾದ ನೇರಳೆ ಬೆಟ್ಟಗಳು, ಬಿಳಿ ಕಾಂಡದ ಮರಗಳು, ಯುರೋಪಿನ ಪಾಠಶಾಲೆಯಲ್ಲಿ ಕಲಿತಂತೆ. 1938ರ ಮೆಲ್ಬರ್ನ್ ಪ್ರದರ್ಶನದಲ್ಲಿ ಎಲ್ಲ ಚಿತ್ರಗಳೂ ಮಾರಾಟವಾದವು. ಬಿಳಿಯರಿಂದ ಕಲಿತ ನಕಲು ಎಂದು ಮೂಗು ಮುರಿದ ವಿಮರ್ಶಕರೂ ಇದ್ದರು. ಆ ಬೆಟ್ಟಗಳು ಅವರ ಹಿರೀಕರ ಕಥೆಯ ಬೆಟ್ಟಗಳು ಎಂಬುದನ್ನು ಜನ ಗಮನಿಸಿದ್ದು ಬಹಳ ಆಮೇಲೆ. ಮನೆಮನೆಯ ಗೋಡೆಗೂ ಆ ನೆಲದ ಚಿತ್ರ ಒದಗಿಸಿದವರು ಅದೇ ಸೀಮೆಯಲ್ಲಿ ದನ ಮೇಯಿಸಲು ಗುತ್ತಿಗೆ ಕೇಳಿದಾಗ ಸಿಗಲಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲೂ ಬಿಡಲಿಲ್ಲ. 1957ರಲ್ಲಿ ಅವರಿಗೆ ಪೌರತ್ವದ ಹಕ್ಕು ಕೊಟ್ಟರು, ಆ ಹಕ್ಕಿಲ್ಲದ ನೆಂಟರಿಗೆ ಮದ್ಯ ಕೊಟ್ಟರೆಂದು ಮರುವರ್ಷವೇ ಶಿಕ್ಷೆ ವಿಧಿಸಿದರು. 1959ರಲ್ಲಿ ತೀರಿಕೊಂಡರು. 1983ರಲ್ಲಿ ಸರ್ಕಾರಿ ಟ್ರಸ್ಟಿ ಅವರ ಕೃತಿಗಳ ಹಕ್ಕುಸ್ವಾಮ್ಯವನ್ನು 8,500 ಡಾಲರಿಗೆ ಮಾರಿದರು. ಅದು ಕುಟುಂಬಕ್ಕೆ ಮರಳಿದ್ದು 2017ರಲ್ಲಿ.

ಅವರ ಮರಿಮಗ ವಿನ್ಸೆಂಟ್ ನಮಾಟ್ಜಿರಾ ಮುಖಚಿತ್ರ ಬರೆಯುತ್ತಾರೆ. ಆಸ್ಟ್ರೇಲಿಯಾದ ಪ್ರತಿಷ್ಠಿತ ಆರ್ಚಿಬಾಲ್ಡ್ ಬಹುಮಾನವನ್ನು 2020ರಲ್ಲಿ ಗೆದ್ದರು. ಮೂಲನಿವಾಸಿಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ರಾಣಿ, ಪ್ರಧಾನಿ, ಕ್ರೀಡಾಪಟು ಯಾರೇ ಆಗಲಿ, ಅವರ ಕುಂಚದಲ್ಲಿ ಮುಖ ಸೊಟ್ಟಗಾಗಿಯೇ ಬರುತ್ತದೆ, ತಮ್ಮದನ್ನೂ ಸೊಟ್ಟಗೇ ಬರೆದುಕೊಳ್ಳುತ್ತಾರೆ. 2024ರಲ್ಲಿ ಇದೇ ಗ್ಯಾಲರಿಯಲ್ಲಿದ್ದ ತಮ್ಮ ಮುಖಚಿತ್ರವನ್ನು ತೆಗೆಯಬೇಕೆಂದು ದೇಶದ ಅತಿ ಸಿರಿವಂತ ಗಣಿ ಉದ್ಯಮಿ ಜೀನಾ ರೈನ್‌ಹಾರ್ಟ್ ಒತ್ತಾಯಿಸಿದ್ದು ಸುದ್ದಿಯಾಯಿತು. ಗ್ಯಾಲರಿ ತೆಗೆಯಲಿಲ್ಲ. ಮುತ್ತಜ್ಜನಿಗೆ ಗುತ್ತಿಗೆ ಸಿಗದ ದೇಶದಲ್ಲಿ ಮರಿಮಗ ಗಣಿ ಒಡತಿಯನ್ನು ಗೋಡೆಗೆ ಹಾಕಿದ್ದು ನನಗಂತೂ ಖುಷಿ ಕೊಟ್ಟಿತು.

ಕದ್ದ ಗೆರೆಗಳು

1966ರಲ್ಲಿ ಆಸ್ಟ್ರೇಲಿಯಾ ಹೊಸ ಒಂದು ಡಾಲರಿನ ನೋಟು ಅಚ್ಚು ಹಾಕಿತು. ಹಿಂಬದಿಯಲ್ಲಿ ಒಂದು ತೊಗಟೆ ಚಿತ್ರದ ವಿನ್ಯಾಸ. ಬರೆದವರು ಯಾರೋ ಹಳಬರಿರಬೇಕು, ಹೆಸರಿಲ್ಲದವರು ಎಂದುಕೊಂಡಿದ್ದರು. ಬರೆದವರು ಬದುಕಿದ್ದರು. ಅವರ ಹೆಸರು ಡೇವಿಡ್ ಮಲಂಗಿ. ವಿಷಯ ಹೊರಬಂದ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ 1,000 ಡಾಲರ್, ಒಂದು ಬೆಳ್ಳಿ ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟು ಸಮಾಧಾನ ಮಾಡಿದರು. ನಾನು ಮೇಲೆ ಹೇಳಿದ ಇನ್ನೂರು ಕಾಂಡಗಳನ್ನು ಬರೆದ 43 ಮಂದಿಯಲ್ಲಿ ಮಲಂಗಿಯೂ ಒಬ್ಬರು. ಇನ್ನೊಬ್ಬರು ಜಾರ್ಜ್ ಮಿಲ್ಪುರುರು. ಪರ್ತ್‌ನ ಒಂದು ಕಂಪನಿ ಅವರದ್ದೂ ಇನ್ನೂ ಕೆಲವು ಕಲಾವಿದರದ್ದೂ ಚಿತ್ರಗಳನ್ನು ವಿಯೆಟ್ನಾಮಿನಲ್ಲಿ ಕಾರ್ಪೆಟ್ಟುಗಳಿಗೆ ನೇಯಿಸಿ ತರಿಸಿತ್ತು. ಕುಲದ ಪವಿತ್ರ ಚಿತ್ರ ಜನರ ಕಾಲಡಿಗೆ ಬಿತ್ತು. ಬದುಕಿದ್ದ ಕಲಾವಿದರೂ, ತೀರಿಕೊಂಡವರ ಪರವಾಗಿ ಸರ್ಕಾರಿ ಟ್ರಸ್ಟಿಯೂ ದಾವೆ ಹೂಡಿದರು. 1994ರಲ್ಲಿ ಗೆದ್ದರು.

ಇಲ್ಲಿ ನಮ್ಮ ಮಲೆನಾಡಿನ ಹಸೆ ಚಿತ್ತಾರದ ನೆನಪಾಗದೆ ಇರುವುದಿಲ್ಲ. ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ದೀವರ ಹೆಣ್ಣುಮಕ್ಕಳು ಬರೆಯುವ ಗೆರೆಗಳು ಇವತ್ತು ರೆಸಾರ್ಟುಗಳ ಗೋಡೆ, ಕೈಚೀಲ, ಮಗ್ಗುಗಳ ಮೇಲೆಲ್ಲ ಇವೆ. ಬರೆದವಳ ಹೆಸರು ಎಷ್ಟರ ಮೇಲಿದೆ?

ಕದ್ದ ಮಾಲಿನ ವಿಷಯದಲ್ಲಿ ಕ್ಯಾನ್‌ಬೆರಾದ ಈ ಗ್ಯಾಲರಿಯೂ ಪೂರ್ತಿ ಶುಭ್ರವಲ್ಲ. ತಮಿಳುನಾಡಿನ ಶ್ರೀಪುರಂತಾನ್ ದೇವಾಲಯದಿಂದ ಕಳುವಾದ ನಟರಾಜನನ್ನು ಅದು 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. ಮಾರಿದವನು ವಿಗ್ರಹಗಳ್ಳ ಸುಭಾಷ್ ಕಪೂರ್. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ದೆಹಲಿಗೆ ಬಂದಾಗ ನಟರಾಜನನ್ನು ಮರಳಿಸಿದರು.

ಮಕ್ಕಳು ಮೊಮ್ಮಕ್ಕಳನ್ನು ನೋಡಲು ಸಿಡ್ನಿಗೋ ಮೆಲ್ಬರ್ನಿಗೋ ಹೋಗುವ ನಮ್ಮವರು ಈಗ ಬೇಕಾದಷ್ಟಿದ್ದಾರೆ. ಕ್ಯಾನ್‌ಬೆರಾ ದೂರವಾದರೆ ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಯಿರಿಬಾನಾ ವಿಭಾಗವಿದೆ. ಮೆಲ್ಬರ್ನಿನ ಫೆಡರೇಷನ್ ಸ್ಕ್ವೇರ್‌ನ ಇಯಾನ್ ಪಾಟರ್ ಸೆಂಟರಿನಲ್ಲೂ ಒಳ್ಳೆಯ ಸಂಗ್ರಹವಿದೆ. ಎರಡೂ ಕಡೆ ಕಾಯಂ ಸಂಗ್ರಹಕ್ಕೆ ಹಣ ಕೊಡಬೇಕಿಲ್ಲ. ಗೋಡೆಯ ಮೇಲಿನ ಕೃತಿಗಳು ಆಗಾಗ ಬದಲಾಗುತ್ತವೆ, ಇಂಥದ್ದೇ ನೋಡಬೇಕೆಂದಿದ್ದರೆ ಮೊದಲೇ ವಿಚಾರಿಸಿಕೊಂಡು ಹೋಗಿ. ವಾಪಸು ಬರುವಾಗ ನೆಂಟರಿಷ್ಟರಿಗೆಂದು ಬೂಮರಾಂಗ್, ಚುಕ್ಕಿ ಚಿತ್ರದ ಮ್ಯಾಗ್ನೆಟ್ಟು, ಟವೆಲ್ಲು ಕೊಳ್ಳುವ ಮುನ್ನ ಒಂದು ನಿಮಿಷ ನಿಲ್ಲಿ. ಮೂಲನಿವಾಸಿ ಶೈಲಿಯದೆಂದು ಮಾರುವ ಇಂಥ ಸಾಮಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಎಂದು ಅಲ್ಲಿನ ಸರ್ಕಾರದ ಉತ್ಪಾದಕತಾ ಆಯೋಗವೇ 2022ರಲ್ಲಿ ವರದಿ ಕೊಟ್ಟಿದೆ. ಕಲಾವಿದರ ಹೆಸರೇನು, ಯಾವ ಸಮುದಾಯ, ಯಾವ ಕಲಾ ಕೇಂದ್ರದಿಂದ ಬಂತು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬಂದರೆ ನಾಲ್ಕು ಡಾಲರ್ ಹೆಚ್ಚಾದರೂ ಕೊಳ್ಳಿ, ಬರದಿದ್ದರೆ ಬೇಡ.